ಬಡವಿಯ ಒಡಲು ಯಾರ ಪ್ರಯೋಗಶಾಲೆ?

ಅಮೆರಿಕದ ಹೆಣ್ಣಿಗೊಂದು ನ್ಯಾಯ, ಮುಂಬೈ ಕೊಳೆಗೇರಿಯ ಹೆಣ್ಣಿಗೊಂದು ನ್ಯಾಯವೇ?

1998ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಮುಂಬೈ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಪಾಲು ಮಾಡಿ ಗರ್ಭಕಂಠ ಕ್ಯಾನ್ಸರ್ ಸಂಶೋಧನೆ ಶುರು ಮಾಡಿತು. ಹಣ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯದು. ಒಂದು ಪಾಲಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ. ಇನ್ನೊಂದು ಪಾಲಿಗೆ ಒಂದೇ ಸಲ ತಿಳಿವಳಿಕೆಯ ಮಾತು, ಅಷ್ಟೇ!

2013ರಲ್ಲಿ ಫಲಿತಾಂಶ ಬಂತು: ತಪಾಸಣೆಯಾದವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆ. ಅಗ್ಗದ ತಪಾಸಣೆಯೂ ಜೀವ ಉಳಿಸುತ್ತದೆಂದು ಸಾಬೀತಾಯಿತು, ಒಳ್ಳೆಯದೇ. ಆದರೆ ಪ್ಯಾಪ್ ತಪಾಸಣೆ ಅಮೆರಿಕದಲ್ಲಿ ದಶಕಗಳಿಂದ ಜೀವ ಉಳಿಸುತ್ತಿತ್ತಲ್ಲ? ಅಂಥ ದಾರಿಯಿದೆ ಎಂದು ಈ ಹೆಂಗಸರಿಗೆ ಸರಿಯಾಗಿ ತಿಳಿಸಿರಲಿಲ್ಲ. 2012ರಲ್ಲಿ ಹಾಗೆಂದದ್ದು ಅಮೆರಿಕ ಸರ್ಕಾರದ ಕಚೇರಿಯೇ! ಭಾರತದಲ್ಲಿ ಹೇಗೂ ತಪಾಸಣೆ ಇರಲಿಲ್ಲವೆಂಬುದು ಸಂಶೋಧಕರ ಸಮರ್ಥನೆ. ಇಲ್ಲದವರಿಗೆ ಇಲ್ಲದ್ದನ್ನೇ ಉಳಿಸುವುದು ಯಾವ ಸೀಮೆಯ ನೀತಿ?

ಮುಂಬೈ ಮಾತು ನಮಗೇಕೆ ಎನ್ನಬೇಡಿ. ಕ್ಯಾನ್ಸರ್ ಔಷಧಿಗಳ ಪ್ರಯೋಗ ಬೆಂಗಳೂರಿನಲ್ಲೂ ನಡೆಯುತ್ತದೆ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎನ್ನುತ್ತವೆ ಕೇಂದ್ರದ 2019ರ ನಿಯಮಗಳು. ಕನ್ನಡ ಮಾತ್ರ ಬಲ್ಲ ತಾಯಿಗೆ ಇಂಗ್ಲಿಷ್ ಕಾಗದ ಹಿಡಿಸಿ ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆಯಲ್ಲ, ಮೋಸ!

ನಿಮ್ಮ ಮನೆಯವರ ಮುಂದೆ ಅಂಥ ಕಾಗದ ಬಂದರೆ ಕೇಳಿ: ಈ ಪ್ರಯೋಗ ಸರ್ಕಾರದ ಪಟ್ಟಿಯಲ್ಲಿ ದಾಖಲಾಗಿದೆಯೇ? ಬೇರೆ ಚಿಕಿತ್ಸೆ ಏನಿದೆ? ಹಾನಿಯಾದರೆ ಪರಿಹಾರ ಯಾರು ಕೊಡುತ್ತಾರೆ? ಕನ್ನಡದಲ್ಲೇ ಕೇಳಿ. ಉತ್ತರ ಕನ್ನಡದಲ್ಲಿ ಬರುವತನಕ ಸಹಿ ಹಾಕಬೇಡಿ, ಹಾಕಲು ಬಿಡಬೇಡಿ!