ಗಣಕಯಂತ್ರದ ಹಾಜರಿ ಪುಸ್ತಕ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿಯ ಶಾಲೆಗಳಿಗೂ ಗಣಕಯಂತ್ರ ಬಂದಿರುವುದು ಸಂತೋಷದ ಸಂಗತಿ. ಆದರೆ ಬಂದ ಯಂತ್ರವು ಒಂದು ದಿನ ಏಳದೆ ಹೋದಾಗ ಅದಕ್ಕೆ ಬಟ್ಟೆ ಹೊದಿಸಿ ಮೂಲೆಗಿಡುವುದು, ಇಲ್ಲವೆ ದೂರದ ಪಟ್ಟಣದಿಂದ ತಂತ್ರಜ್ಞರು ಬರುವವರೆಗೆ ಕಾಯುವುದು ಇವೆರಡೇ ಮಾರ್ಗವೆಂದು ಭಾವಿಸುವುದು ಸರಿಯಲ್ಲ. ಮೂರು ಕಡೆಯೂ ಆಂಧ್ರಪ್ರದೇಶದ ಗಡಿಯಿರುವ ಪಾವಗಡದಂತಹ ತಾಲ್ಲೂಕಿನಲ್ಲಿ ಕಾಯುವುದೆಂದರೆ ಪಾಠದ ದಿನಗಳನ್ನು ಕಳೆದುಕೊಳ್ಳುವುದೆಂದೇ ಅರ್ಥ.

ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾಗುತ್ತದೆ. ಲಿನಕ್ಸ್ ಇರುವ ಯಂತ್ರವೊಂದರಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳಿದ್ದು, ಹಳೆಯದೊಂದನ್ನು ಬಿಚ್ಚಿ ತೆಗೆದರೆಂದು ಇಟ್ಟುಕೊಳ್ಳಬಹುದು. ಮರುದಿನ ಗುಂಡಿ ಒತ್ತಿದರೆ ಯಂತ್ರವು ೯೦ ಸೆಕೆಂಡು ಯಾವುದಕ್ಕೋ ಕಾಯುತ್ತದೆ. ಬಳಿಕ ಕಪ್ಪು ತೆರೆಯ ಮೇಲೆ ತುರ್ತು ಸ್ಥಿತಿಯ ಸೂಚನೆ ಕೊಟ್ಟು ನಿಂತುಬಿಡುತ್ತದೆ. ಕಂಡವರು ಯಂತ್ರ ಸತ್ತಿತೆಂದು ತಿಳಿಯುವುದು ಸಹಜ. ವಾಸ್ತವವಾಗಿ ಅದು ಬಾರದವನ ಹೆಸರು ಕೂಗಿ ಕಾದಿದೆ, ಅಷ್ಟೆ.

ವರ್ಗಾವಣೆ ಪತ್ರ ಪಡೆದು ಹೋದ ವಿದ್ಯಾರ್ಥಿಯ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿದ್ದರೆ ದಿನವೂ ಆ ಹೆಸರನ್ನು ಕೂಗಲಾಗುತ್ತದೆ. ಲಿನಕ್ಸಿನಲ್ಲಿಯೂ ಅಂತಹ ಪುಸ್ತಕವೊಂದಿದೆ. ಇಟಿಸಿ ಎಂಬ ಕೋಶದಲ್ಲಿರುವ ಎಫ್‌ಎಸ್‌ಟ್ಯಾಬ್ ಎಂಬ ಕಡತವೇ ಅದು. ಯಾವ ಡಿಸ್ಕಿನ ಯಾವ ಭಾಗವನ್ನು ಎಲ್ಲಿ ಜೋಡಿಸಬೇಕೆಂದು ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಡಿಸ್ಕನ್ನು ತೆಗೆದವರು ಆ ಸಾಲನ್ನು ತೆಗೆಯಲಿಲ್ಲ, ದೋಷವಿರುವುದು ಇಷ್ಟೇ.

ಪರಿಹಾರವೂ ಅಷ್ಟೇ ಸರಳ. ತುರ್ತು ಸ್ಥಿತಿಯಲ್ಲಿ ಆಡಳಿತದ ಗುಪ್ತಪದ ಕೊಟ್ಟು ಒಳಹೋಗಬೇಕು. ಮೂಲ ವಿಭಾಗವು ಓದಲು ಮಾತ್ರ ತೆರೆದಿದ್ದರೆ ಬರೆಯಲೂ ಬರುವಂತೆ ಅದನ್ನು ಮತ್ತೆ ಜೋಡಿಸಬೇಕು. ಕಡತದ ಪ್ರತಿಯೊಂದನ್ನು ಇಟ್ಟುಕೊಂಡು, ಹೋದ ಡಿಸ್ಕಿನ ಸಾಲಿನ ಮೊದಲಿಗೆ ಹ್ಯಾಶ್ ಗುರುತು ಹಾಕಿದರೆ ಯಂತ್ರವು ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ. ಆಗಾಗ ಹಾಕಿ ತೆಗೆಯುವ ಡಿಸ್ಕಾದರೆ ಅದರ ಸಾಲಿನಲ್ಲಿ ನೋಫೇಲ್ ಎಂಬ ಪದ ಸೇರಿಸುವುದು ಲೇಸು. ಗುಪ್ತಪದ ಸಿಗದಿದ್ದಲ್ಲಿ ಪೆನ್ ಡ್ರೈವಿನಲ್ಲಿರುವ ಲಿನಕ್ಸಿನಿಂದ ಯಂತ್ರವನ್ನೆಬ್ಬಿಸಿ ಇದೇ ತಿದ್ದುಪಡಿ ಮಾಡಬಹುದು. ತೆಗೆದ ಡಿಸ್ಕಿನಲ್ಲಿಯೇ ಗ್ರಬ್ ಎಂಬ ಆರಂಭಿಕ ತಂತ್ರಾಂಶವಿದ್ದರೆ ಮಾತ್ರ ಲಿನಕ್ಸ್ ಏಳಲು ತೊಡಗುವುದೇ ಇಲ್ಲ. ಆಗ ಪೆನ್ ಡ್ರೈವಿನ ನೆರವಿನಿಂದ ಉಳಿದ ಡಿಸ್ಕಿನ ಮೇಲೆ ಗ್ರಬ್ಬನ್ನು ಹೊಸದಾಗಿ ಸ್ಥಾಪಿಸಬೇಕಾಗುತ್ತದೆ.

ಶಿಕ್ಷಕರಿಗೆ ಬೋಧನೆಯ ಹೊರೆಯೇ ಸಾಕಷ್ಟಿದೆ, ದುರಸ್ತಿ ತಂತ್ರಜ್ಞರ ಕೆಲಸ ಎಂಬ ಆಕ್ಷೇಪಣೆ ಬರಬಹುದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಸೂಚನೆಯನ್ನು ಓದದೆ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದರೆ ಯಂತ್ರ ಎದ್ದೀತು, ಮಕ್ಕಳು ವರ್ಷವಿಡೀ ಬರೆದ ಪ್ರಬಂಧ, ಬಿಡಿಸಿದ ಚಿತ್ರ, ಶಿಕ್ಷಕರ ಅಂಕಪಟ್ಟಿ ಮರಳಿ ಬಾರವು. ಒಂದು ಸಾಲಿನ ತಪ್ಪಿಗೆ ಒಂದು ವರ್ಷದ ಶ್ರಮವನ್ನು ದಂಡ ತೆರುವುದು ಯಾವ ನ್ಯಾಯ?

೨೦೧೧ರಿಂದ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ರಾಜ್ಯದ ಪ್ರೌಢಶಾಲಾ ಶಿಕ್ಷಕರು ಉಬುಂಟು ಲಿನಕ್ಸನ್ನು ಬಳಸಿದ್ದಾರೆ. ಬಳಸಲು ಕಲಿಸಿದಂತೆ ಎಬ್ಬಿಸಲೂ ಕಲಿಸಬೇಕು. ಯಂತ್ರದ ಭಾಗವೊಂದನ್ನು ತೆಗೆದಾಗ ಶಾಲೆಯ ದಾಸ್ತಾನು ವಹಿಯಲ್ಲಿ ನಮೂದಿಸುವುದು ರೂಢಿಯಾಗಿದೆ. ಅಂದೇ ಯಂತ್ರದೊಳಗಿನ ವಹಿಯನ್ನೂ ತಿದ್ದಬೇಕು, ಅದೂ ವಿದ್ಯಾರ್ಥಿಗಳ ಎದುರಿನಲ್ಲಿಯೇ. ೧೯೯೧ರಲ್ಲಿ ಲಿನಕ್ಸನ್ನು ಆರಂಭಿಸಿದ ಲಿನಸ್ ಟೋರ್ವಾಲ್ಡ್ಸ್ ಅಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ. ವಿದ್ಯಾರ್ಥಿಯೊಬ್ಬನು ಕಟ್ಟಲಾರಂಭಿಸಿದುದನ್ನು ವಿದ್ಯಾರ್ಥಿಗಳು ತೆರೆದು ನೋಡಿ ಸರಿಪಡಿಸಲಾರರೆಂದು ಮೊದಲೇ ತೀರ್ಮಾನಿಸುವುದು ಶಾಲೆಗೆ ಶೋಭಿಸದು. ನಿಂತ ಯಂತ್ರವನ್ನು ತನ್ನ ಕೈಯಿಂದ ಎಬ್ಬಿಸಿದ ಹಳ್ಳಿಯ ಬಾಲಕಿಗೆ ಅಂದಿನಿಂದ ಯಂತ್ರದ ಭಯ ಉಳಿಯುವುದಿಲ್ಲ. ಶಾಲೆ ಕೊಡಬೇಕಾದ ವಿದ್ಯೆಯೂ ಅದೇ.