ದಾರಿಯ ತಪಾಸಣೆಯೂ ಕೊರಳಿನ ಕರಡಿಗೆಯೂ

ಕೋಲಾರದಿಂದ ಮುಳಬಾಗಿಲನ್ನು ಹಾದು, ನಂಗಲಿಯ ಗಡಿಯನ್ನು ದಾಟಿ ಆಂಧ್ರಕ್ಕೆ ಹೋಗಿಬರುವುದು ನಮ್ಮ ಸಮಾಜದ ಅನೇಕ ಕುಟುಂಬಗಳಿಗೆ ನೆರೆಮನೆಗೆ ಹೋಗಿಬಂದಷ್ಟೇ ಸಹಜ. ಹೆಣ್ಣು ಕೊಟ್ಟ ಮನೆ ಅತ್ತ, ತಂದ ಮನೆ ಇತ್ತ. ಮಾಲೂರಿನವರಿಗೆ ಹೊಸೂರೂ ಹಾಗೆಯೇ. ಶ್ರೀನಿವಾಸಪುರದ ಮಾವಿನ ವರ್ತಕರಿಗಂತೂ ಸುಗ್ಗಿಯ ಕಾಲದಲ್ಲಿ ಗಡಿಯೆಂಬುದು ಕಣ್ಣಿಗೇ ಬೀಳದು. ಆದರೆ ಚುನಾವಣೆ ಘೋಷಣೆಯಾಯಿತೆಂದರೆ ಆ ಕಾಣದ ಗಡಿ ಎದ್ದು ನಿಲ್ಲುತ್ತದೆ. 2023ರ ಮೇ 10ರ ವಿಧಾನಸಭಾ ಚುನಾವಣೆಗೂ, 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಗೂ ಮುನ್ನ ಈ ದಾರಿಗಳಲ್ಲಿ ಸಂಚರಿಸಿದವರಿಗೆ ತಪಾಸಣೆಯ ಅನುಭವ ಆಗಿಯೇ ಇದೆ.

ನಮಗೂ ಆಯಿತು. ಮದುವೆ ಮುಗಿಸಿಕೊಂಡು ಕುಟುಂಬಸಮೇತ ಹಿಂದಿರುಗುತ್ತಿದ್ದೆವು. ಒಂದು ತಪಾಸಣಾ ಕೇಂದ್ರದಲ್ಲಿ ಕಾರನ್ನು ನಿಲ್ಲಿಸಿದರು. ಚೀಲಗಳನ್ನು ತೋರಿಸಿದೆವು, ಅದರಲ್ಲಿ ನಮಗೇನೂ ಬೇಸರವಿರಲಿಲ್ಲ. ಅಷ್ಟರಲ್ಲಿ ಸಿಬ್ಬಂದಿಯೊಬ್ಬರು ನಮ್ಮ ಅತ್ತಿಗೆಯವರ ಕೊರಳಿನ ಬೆಳ್ಳಿ ಕರಡಿಗೆಯನ್ನು ಕಂಡು, "ಇದರಲ್ಲೇನಿದೆ?" ಎನ್ನುತ್ತಾ ಕೈ ಚಾಚಿಯೇ ಬಿಟ್ಟರು. ಎಪ್ಪತ್ತು ದಾಟಿದ ಆ ಹಿರಿಯ ಜೀವ ಒಂದು ಹೆಜ್ಜೆ ಹಿಂದೆ ಸರಿದು, "ಮುಟ್ಟಬೇಡಪ್ಪಾ, ಲಿಂಗ ಅದು. ನಾನೇ ಬಿಚ್ಚಿ ತೋರಿಸ್ತೀನಿ, ಆ ಹೆಣ್ಣುಮಗಳನ್ನ ಕರಿ" ಎಂದರು. ಮಹಿಳಾ ಪೇದೆ ಬಂದರು. ಅತ್ತಿಗೆಯವರು ಕಾರಿನೊಳಗೆ ಕುಳಿತು ತಮ್ಮ ಕೈಯಿಂದಲೇ ಕರಡಿಗೆಯನ್ನು ತೆರೆದು ತೋರಿಸಿದರು. ಆಕೆ ನೋಡಿ ಕೈ ಮುಗಿದರು. ಎರಡು ನಿಮಿಷದ ಮಾತು. ಆದರೂ ದಾರಿಯುದ್ದಕ್ಕೂ ಅತ್ತಿಗೆಯವರು ಮಾತನಾಡಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಪೂಜೆಗೆ ಕುಳಿತವರು ಬಹಳ ಹೊತ್ತು ಏಳಲಿಲ್ಲ.

ಆ ಸಿಬ್ಬಂದಿಗೆ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ಕರಡಿಗೆಯೆಂದರೇನೆಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಆದರೆ ಹೆಂಗಸಿನ ಮೈಮೇಲೆ ಗಂಡಸು ಕೈಯಿಡಬಾರದೆಂಬುದು ತಿಳಿಯದ ಸಂಗತಿಯೇನಲ್ಲ. ಚುನಾವಣಾ ಆಯೋಗವು ಸಂಚಾರಿ ದಳಗಳಿಗೆ ಕೊಟ್ಟಿರುವ ಸೂಚನೆಯಲ್ಲಿ ತಪಾಸಣೆ ಸೌಜನ್ಯದಿಂದ ನಡೆಯಬೇಕೆಂದೂ, ಮಹಿಳಾ ಅಧಿಕಾರಿಯಿಲ್ಲದೆ ಹೆಂಗಸರ ಕೈಚೀಲವನ್ನು ಕೂಡ ನೋಡಕೂಡದೆಂದೂ ಇದೆ. ಕೈಚೀಲಕ್ಕೇ ಇಷ್ಟು ಮರ್ಯಾದೆಯಿರುವಾಗ ಕೊರಳಿನ ಲಿಂಗದ ಮಾತೇನು? 50,000 ರೂಪಾಯಿಗೆ ಮೀರಿದ ನಗದಿನ ವಿಚಾರವಾಗಿಯೂ ಒಂದು ಮಾತು ಹೇಳಬೇಕು. ಆ ಮಿತಿಯನ್ನು ಮುಖ್ಯವಾಗಿ ಹೇಳಿರುವುದು ಅಭ್ಯರ್ಥಿ, ಅವರ ಏಜೆಂಟರು ಮತ್ತು ಪಕ್ಷದ ಕಾರ್ಯಕರ್ತರ ವಾಹನಗಳನ್ನು ಕುರಿತು. ಆದರೂ ಮಾವು, ಟೊಮ್ಯಾಟೊ, ರೇಷ್ಮೆಗೂಡು ಮಾರಿ ಹಣ ತರುವವರು ಮಂಡಿಯ ಚೀಟಿಯನ್ನೋ ಬ್ಯಾಂಕಿನ ರಸೀದಿಯನ್ನೋ ಜೇಬಿನಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಹಣವನ್ನು ವಶಪಡಿಸಿಕೊಂಡರೆ, ಚುನಾವಣಾ ಅಪರಾಧಕ್ಕೆ ಸಂಬಂಧಿಸದ ಹಣವನ್ನು ಮರಳಿಸಲು ಜಿಲ್ಲೆಯಲ್ಲಿ ಮೂವರು ಅಧಿಕಾರಿಗಳ ಸಮಿತಿಯಿರುತ್ತದೆ. ಅದರ ಮುಂದೆ ಮನವಿ ಸಲ್ಲಿಸಬಹುದು.

ಮೈ ತಪಾಸಣೆಯ ಕಾನೂನು ನಮ್ಮವರು ಅಂದುಕೊಂಡಿರುವುದಕ್ಕಿಂತ ಮೃದುವಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 49ನೆಯ ಕಲಮು, ಬಂಧಿತಳಾದ ಹೆಂಗಸನ್ನು ಕೂಡ ಮತ್ತೊಬ್ಬ ಹೆಂಗಸೇ ಮರ್ಯಾದೆಗೆ ಕುಂದು ಬಾರದಂತೆ ಶೋಧಿಸಬೇಕೆನ್ನುತ್ತದೆ. ಶೋಧನೆ ಮತ್ತು ಜಪ್ತಿಯನ್ನು ದೃಶ್ಯ-ಧ್ವನಿ ಮುದ್ರಣ ಮಾಡಬೇಕೆಂಬುದು 105ನೆಯ ಕಲಮು. ಗಡಿದಾರಿಯಲ್ಲಿ ಗಾಂಜಾ ಮುಂತಾದ ಮಾದಕ ವಸ್ತುಗಳ ಶಂಕೆಯಿಂದ ಮೈಯನ್ನೇ ಶೋಧಿಸುವುದಾದರೆ 1985ರ ಕಾಯಿದೆಯ 50ನೆಯ ಕಲಮಿನಂತೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲೇ ಆಗಲೆಂದು ಕೇಳುವ ಹಕ್ಕಿದೆ. ಆ ಹಕ್ಕಿದೆಯೆಂಬುದನ್ನು ಅಧಿಕಾರಿಯೇ ಮೊದಲು ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಹೇಳಿ, 2010ರಲ್ಲಿ ಮತ್ತೆ ಒತ್ತಿ ಹೇಳಿತು. ಚೀಲ, ಪೆಟ್ಟಿಗೆಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ, ಮೈಗೆ ಮಾತ್ರ.

ಇನ್ನೂ ಸೂಕ್ಷ್ಮವಾದ ಒಂದು ಪ್ರಶ್ನೆಯಿದೆ. ಯಾವುದೋ ಕಾರಣದಿಂದ ಶರಣಬಂಧುವೊಬ್ಬರು ಬಂಧನಕ್ಕೊಳಗಾದರೆ, ತೊಟ್ಟ ಅಗತ್ಯ ಬಟ್ಟೆಯನ್ನುಳಿದು ಮಿಕ್ಕ ವಸ್ತುಗಳನ್ನು ಪೊಲೀಸರು ತೆಗೆದಿಟ್ಟುಕೊಂಡು ರಸೀದಿ ಕೊಡಬಹುದು. ಇಷ್ಟಲಿಂಗ ಬಟ್ಟೆಯಲ್ಲ, ಹಾಗೆಂದು ಅದನ್ನು ಕೈಗಡಿಯಾರದಂತೆ ಕಳಚಿಡಲಾದೀತೆ? ಸಂವಿಧಾನದ 25ನೆಯ ವಿಧಿ ಸಿಖ್ಖರ ಕೃಪಾಣವನ್ನು ಹೆಸರಿಸಿ ಕಾಪಾಡಿದೆ. ಲಿಂಗದ ಹೆಸರು ಅಲ್ಲಿಲ್ಲ; ಅದು ಆಯುಧವಲ್ಲವಾದ್ದರಿಂದ ಯಾರಿಗೂ ಅಗತ್ಯ ತೋರದಿದ್ದೀತು. ನಮ್ಮ ಅಭಿಪ್ರಾಯದಲ್ಲಿ ಬೆಲೆಬಾಳುವ ಬೆಳ್ಳಿ ಕರಡಿಗೆಯನ್ನು ಮನೆಯವರ ಕೈಗೆ ಒಪ್ಪಿಸಿ, ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಧರಿಸಲು ಅನುಮತಿ ಕೇಳುವುದು ಉಚಿತ. ವಸ್ತ್ರದಲ್ಲಿ ಲಿಂಗ ಕಟ್ಟುವುದು ನಮ್ಮಲ್ಲಿ ಹೊಸದೇನೂ ಅಲ್ಲ.

ಖಾಸಗಿತನದ ಹಕ್ಕನ್ನು ಈ ನಾಡಿಗೆ ಗಟ್ಟಿಯಾಗಿ ದೊರಕಿಸಿದ ಮೊಕದ್ದಮೆ ನಮ್ಮ ರಾಜ್ಯದವರೊಬ್ಬರ ಹೆಸರಿನಲ್ಲಿದೆ ಎಂಬುದನ್ನು ಎಷ್ಟು ಮಂದಿ ಬಲ್ಲರೋ! ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ ಅವರ ವಯಸ್ಸು ಎಂಬತ್ತೈದನ್ನು ದಾಟಿತ್ತು. ಮಕ್ಕಳು ಮೊಮ್ಮಕ್ಕಳೊಡನೆ ವಿಶ್ರಾಂತಿಯಲ್ಲಿರಬೇಕಾದ ವಯಸ್ಸು. 1962ರ ಖರಕ್ ಸಿಂಗ್ ತೀರ್ಪು ಪೊಲೀಸರು ರಾತ್ರಿ ಹೊತ್ತು ಮನೆಬಾಗಿಲು ಬಡಿಯುವುದನ್ನು ತಪ್ಪೆಂದಿತ್ತು. ಆದರೆ ಖಾಸಗಿತನವು ಮೂಲಭೂತ ಹಕ್ಕೆಂದು ಒಪ್ಪಿರಲಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಅದನ್ನು ಒಪ್ಪಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ನಿಧನರಾದರು.

ಆ ಹಕ್ಕು ಈಗ ಹೆಚ್ಚಾಗಿ ಪರೀಕ್ಷೆಗೊಳಗಾಗುತ್ತಿರುವುದು ಜೇಬಿನ ಮೊಬೈಲಿನಲ್ಲಿ. 2021ರಲ್ಲಿ ಹೈದರಾಬಾದಿನ ಬೀದಿಯಲ್ಲಿ ಪೊಲೀಸರು ದ್ವಿಚಕ್ರ ಸವಾರರನ್ನು ನಿಲ್ಲಿಸಿ ಫೋನಿನ ಸಂದೇಶಗಳನ್ನು ಓದುತ್ತಿದ್ದುದು ದೊಡ್ಡ ಚರ್ಚೆಯಾಯಿತು. ಅದೇ ವರ್ಷದ ಮಾರ್ಚಿಯಲ್ಲಿ ನಮ್ಮ ಉಚ್ಚ ನ್ಯಾಯಾಲಯ, ಫೋನಿನೊಳಗನ್ನು ಶೋಧಿಸಲು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟು ಬೇಕೆಂದಿದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಇದನ್ನು ತಿಳಿಸಿರಬೇಕು. ಒರಟಾಗಿ ವಾದಿಸಬೇಕಿಲ್ಲ. "ಸರ್, ವಾರಂಟ್ ಇದೆಯೇ?" ಎಂದು ಕೇಳಿದರೆ ಸಾಕು.

ದಾರಿಯಲ್ಲಿ ತಡೆಯುವ ರೀತಿಯೂ ಪ್ರಾಣದ ಪ್ರಶ್ನೆಯಾಗಬಲ್ಲದು. 2025ರ ಮೇ 26ರಂದು ಮಂಡ್ಯದಲ್ಲಿ ನಾಯಿ ಕಚ್ಚಿದ ಪುಟ್ಟ ಮಗುವನ್ನು ಹೆತ್ತವರು ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದಾಗ ಹೆಲ್ಮೆಟ್ ತಪಾಸಣೆಗೆಂದು ತಡೆದರು. ಕೆಳಗೆ ಬಿದ್ದ ಮಗು ಲಾರಿಗೆ ಸಿಕ್ಕಿ ಅಸುನೀಗಿತು. ಮೂವರು ಸಹಾಯಕ ಸಬ್ ಇನ್ಸ್‌ಪೆಕ್ಟರುಗಳ ಅಮಾನತಾಯಿತು. ಅನಂತರ ರಾಜ್ಯದ ಪೊಲೀಸ್ ಮಹಾನಿರ್ದೇಶಕರು, ಕಣ್ಣಿಗೆ ಕಾಣುವ ಉಲ್ಲಂಘನೆಯಿಲ್ಲದೆ ವಾಹನಗಳನ್ನು ನಿಲ್ಲಿಸಬಾರದೆಂದು ಸೂಚಿಸಿದರು. ಆ ತಾಯಿಗೆ ಸೂಚನೆಯಿಂದ ಏನಾದೀತು!

ಬಿಸಿಲಲ್ಲಿ ದಿನವಿಡೀ ನಿಲ್ಲುವ ಪೇದೆಗಳ ಕಷ್ಟವನ್ನು ನಾವು ಬಲ್ಲೆವು. ನಮ್ಮ ಸಮಾಜದ ಮಕ್ಕಳೂ ಆ ಖಾಕಿಯಲ್ಲಿದ್ದಾರೆ. ಆದರೂ ತಪ್ಪು ನಡೆದರೆ ಸುಮ್ಮನಿರಬೇಕಿಲ್ಲ. ಸಮಯ, ಸ್ಥಳ, ಎದೆಯ ಫಲಕದಲ್ಲಿನ ಹೆಸರು, ಈ ಮೂರನ್ನು ಅಂದೇ ಬರೆದಿಟ್ಟುಕೊಳ್ಳಿರಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ಕೋಲಾರದ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಲಿಖಿತ ದೂರು ಕೊಡಬಹುದು, ಕೆ.ಜಿ.ಎಫ್. ಕಡೆಯವರಿಗೆ ಪ್ರತ್ಯೇಕ ವರಿಷ್ಠಾಧಿಕಾರಿಗಳಿದ್ದಾರೆ. ದೂರಿನ ಪ್ರತಿಗೆ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬಾರದು. ಅತ್ತಿಗೆಯವರ ಸಂಗತಿಯಲ್ಲಿ ನಾವು ಅದನ್ನು ಬರೆಯಲಿಲ್ಲ. "ಆ ಹುಡುಗಿ ಕೈ ಮುಗಿದಳಲ್ಲ, ಬಿಡಿ" ಎಂದು ಅವರೇ ತಡೆದರು.