ಆಂಟಿವೈರಸ್ಸಿನಲ್ಲಿಯೇ ಕಂಡಿ

ಸಿಂಧನೂರಿನ ಅಕ್ಕಿ ಗಿರಣಿಗಳ ಲೆಕ್ಕ, ಲಿಂಗಸುಗೂರಿನ ವರ್ತಕರ ಜಿಎಸ್‌ಟಿ ಕಾಗದಪತ್ರ, ಮಸ್ಕಿಯ ಆನ್‌ಲೈನ್ ಸೆಂಟರುಗಳಲ್ಲಿ ರೈತರು ಒಪ್ಪಿಸುವ ಆಧಾರ್, ಪಹಣಿ, ಪಾಸ್‌ಬುಕ್ಕುಗಳ ಪ್ರತಿಗಳು, ಇವೆಲ್ಲವೂ ಇಂದು ಕಂಪ್ಯೂಟರುಗಳಲ್ಲಿ ಇರುವವು. ಇವುಗಳ ಕಾವಲಿಗೆಂದು ವರ್ಷಕ್ಕೊಮ್ಮೆ ಹಣ ತೆತ್ತು ಆಂಟಿವೈರಸ್ ಹಾಕಿಸಿಕೊಂಡರೆ ಮಾಲಿಕರೂ ಅಧಿಕಾರಿಗಳೂ ನಿಶ್ಚಿಂತರಾಗಿಬಿಡುವರು. ಆ ಕಾವಲುಗಾರನಲ್ಲಿಯೇ ದೋಷವಿದ್ದರೆ ಗತಿಯೇನು ಎಂದು ಕೇಳುವವರು ನಮ್ಮ ಈ ಮೂರು ತಾಲೂಕುಗಳಲ್ಲಿ ವಿರಳ.

ಇದಕ್ಕೆ ಉದಾಹರಣೆಯನ್ನು ಪರದೇಶದಲ್ಲಿ ಹುಡುಕಬೇಕಾಗಿಲ್ಲ. ಇ-ಸ್ಕ್ಯಾನ್ ಎಂಬುದು ನಮ್ಮ ದೇಶದವರೇ ಆದ ಮೈಕ್ರೋವರ್ಲ್ಡ್ ಕಂಪನಿಯ ಆಂಟಿವೈರಸ್. ಹೊಸ ವೈರಸ್ಸುಗಳ ಗುರುತು ತಿಳಿಯುವದಕ್ಕಾಗಿ ಇಂಥ ತಂತ್ರಾಂಶಗಳು ಪದೇ ಪದೇ ತಮ್ಮ ಕಂಪನಿಯಿಂದ ಅಪ್‌ಡೇಟ್ ತರಿಸಿಕೊಳ್ಳುವವು. ಇ-ಸ್ಕ್ಯಾನ್ ಇದನ್ನು ಬಹುಕಾಲ ಗೂಢಲಿಪಿಯ ರಕ್ಷಣೆಯಿಲ್ಲದ ಮಾರ್ಗದಿಂದ, ಅಂದರೆ ಅರಗಿನ ಮುದ್ರೆಯಿಲ್ಲದ ಲಕೋಟೆಯಲ್ಲಿ ತರಿಸುತ್ತಿತ್ತು. ದಾರಿಯ ನಡುವೆ ಹೊಂಚಿದ ಕಳ್ಳರು ಒಳಗಿನ ಕಾಗದವನ್ನು ತೆಗೆದು ತಮ್ಮದನ್ನಿಟ್ಟರು. ಕಾವಲುಗಾರನು ಅದನ್ನು ಯಜಮಾನನ ಅಪ್ಪಣೆಯೆಂದೇ ನಂಬಿ ಬಾಗಿಲು ತೆರೆದನು. ದೊಡ್ಡ ಸಂಸ್ಥೆಗಳ ಜಾಲಗಳಲ್ಲಿ ಗುಪ್ತ ಹಿಂಬಾಗಿಲುಗಳನ್ನು ಕೊರೆದ ಈ ಕೃತ್ಯಕ್ಕೆ ‘ಗುಪ್ತಿಮೈನರ್’ ಎಂದು ಹೆಸರಿಟ್ಟು, ಅವಾಸ್ಟ್ ಕಂಪನಿಯ ಸಂಶೋಧಕರು ೨೦೨೪ರ ಎಪ್ರಿಲಿನಲ್ಲಿ ಜಾಹೀರುಪಡಿಸಿದರು. ಅವರು ಅದಕ್ಕೂ ಮೊದಲೇ ಇ-ಸ್ಕ್ಯಾನಿನವರಿಗೂ ನಮ್ಮ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಗೂ ಸುದ್ದಿ ಮುಟ್ಟಿಸಿದ್ದರು. ೨೦೨೩ರ ಜುಲೈ ೩೧ರಂದು ದೋಷ ಸರಿಪಡಿಸಲ್ಪಟ್ಟಿತೆಂದು ಕಂಪನಿಯವರು ತಿಳಿಸಿದರು. ಆದರೆ ಅನಂತರವೂ ಹೊಸ ಸೋಂಕುಗಳು ಕಂಡುಬರುತ್ತಲೇ ಇದ್ದವು. ಹಳೆಯ ಪ್ರತಿಯನ್ನು ಬದಲಿಸದೆ ಬಿಟ್ಟ ಯಂತ್ರಗಳೇ ಇದಕ್ಕೆ ಕಾರಣವಾಗಿರಬಹುದೆಂದು ಆ ಸಂಶೋಧಕರು ಬರೆದರು. ಈ ಮಾತನ್ನು ನಮ್ಮ ಕಚೇರಿಗಳು ಗಮನಿಸತಕ್ಕದ್ದು. ಪುಣೆ ಮುಂಬಯಿಗಳಲ್ಲಿ ಆದ ದುರಸ್ತಿ ಮಸ್ಕಿಯ ಮೇಜಿನ ಮೇಲಿನ ಯಂತ್ರಕ್ಕೆ ತಾನಾಗಿ ಬಂದು ಸೇರುವದೆಂಬ ಭರವಸೆ ಇಲ್ಲ. ಇಷ್ಟಾದರೂ ೨೦೨೬ರ ಜನವರಿಯಲ್ಲಿ ಅದೇ ಕಂಪನಿಯ ಅಪ್‌ಡೇಟ್ ಸರ್ವರೊಂದಕ್ಕೇ ಪರರು ನುಗ್ಗಿ ವಿಷ ಹಂಚಿದರು.

ಬೇಲಿಯೇ ಎದ್ದು ಹೊಲ ಮೇಯಿತೆನ್ನಲು ನಾವು ಸಿದ್ಧರಿಲ್ಲ. ಬೇಲಿಗೆ ಮೇಯುವ ಮನಸ್ಸಿರಲಿಲ್ಲ. ಬೇಲಿಯಲ್ಲಿ ಕಂಡಿ ಬಿದ್ದಿತ್ತು, ದನ ಅಲ್ಲಿಂದ ನುಗ್ಗಿತು. ಆದರೆ ಈ ಕಂಡಿಯು ಇತರ ಕಂಡಿಗಳಿಗಿಂತ ಘೋರವಾದುದೇಕೆಂಬುದನ್ನು ವಾಚಕರು ತಿಳಿಯಬೇಕು. ಬಂದ ಪ್ರತಿಯೊಂದು ಕಡತವನ್ನೂ ಮಾಲಿಕನಿಗಿಂತ ಮೊದಲು ಬಿಚ್ಚಿ ನೋಡುವದು ಆಂಟಿವೈರಸ್ಸಿನ ಕೆಲಸ. ಅದಕ್ಕಾಗಿ ಯಂತ್ರದ ಸರ್ವಾಧಿಕಾರವನ್ನೇ ಅದಕ್ಕೆ ಕೊಟ್ಟಿರುವದು. ಹೀಗಿರಲು ಬಿಚ್ಚುವ ಕ್ರಮದಲ್ಲಿಯೇ ತಪ್ಪಿದ್ದರೆ, ಮಾಲಿಕನು ಏನನ್ನೂ ಮುಟ್ಟದಿದ್ದರೂ ಕಳ್ಳನಿಗೆ ಆ ಸರ್ವಾಧಿಕಾರ ದಕ್ಕಿತು. ೨೦೧೬ರಲ್ಲಿ ಗೂಗಲ್ಲಿನ ಟ್ಯಾವಿಸ್ ಒರ್ಮಂಡಿಯವರು ಪ್ರಸಿದ್ಧ ನಾರ್ಟನ್ ಆಂಟಿವೈರಸ್ಸಿನಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಟಪಾಲಿಗೆ ಒಂದು ಈಮೇಲ್ ಬಂದರೆ ಸಾಕು, ಅದನ್ನು ತೆರೆಯಬೇಕಾಗಿಯೂ ಇರಲಿಲ್ಲ. ೨೦೧೭ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟಿನ ಡಿಫೆಂಡರಿನಲ್ಲಿಯೂ ಅದೇ ಜಾತಿಯ ದೋಷ ಸಿಕ್ಕಿತು; ಆ ಕಂಪನಿಯವರು ಕೆಲವೇ ದಿನಗಳಲ್ಲಿ ಅದನ್ನು ತಿದ್ದಿದರೆಂಬುದನ್ನು ನ್ಯಾಯವಾಗಿ ಹೇಳಲೇಬೇಕು.

ನಾವು ಸ್ವದೇಶಿಯ ಪಕ್ಷದವರು. ಅದಕ್ಕಾಗಿಯೇ ಸ್ವದೇಶಿ ಸರಕನ್ನು ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆನ್ನುವೆವು. ನಮ್ಮವರದೆಂದು ಸೋರುವ ಕೊಡವನ್ನು ಕೊಂಡರೆ ಕುಂಬಾರನಿಗೂ ಹಿತವಿಲ್ಲ. ಸರಕಾರವೂ ಸಹಕಾರಿ ಸಂಘಗಳೂ ಆಂಟಿವೈರಸ್ ಕೊಳ್ಳುವಾಗ ಕೇವಲ ಅಗ್ಗದ ಟೆಂಡರನ್ನು ನೋಡದೆ, ಅಪ್‌ಡೇಟುಗಳು ಮುದ್ರಾಂಕಿತವಾಗಿ ಬರುವವೇ, ಹೊರಗಿನ ತಜ್ಞರು ಪರೀಕ್ಷಿಸಿರುವರೇ, ದೋಷ ಕಂಡಾಗ ಗಿರಾಕಿಗಳಿಗೆ ಎಷ್ಟು ದಿನದೊಳಗೆ ತಿಳಿಸುವರು ಎಂಬಿವನ್ನು ಲಿಖಿತವಾಗಿ ಕೇಳತಕ್ಕದ್ದು. ಕೇಳಿದ ಮೊದಲ ವರ್ಷವೇ ಮಾರಾಟಗಾರರ ನಡತೆ ಬದಲಾಗುವದು.

ಇದನ್ನೋದಿ ಯಾರಾದರೂ ಆಂಟಿವೈರಸ್ಸನ್ನೇ ಕಿತ್ತೊಗೆದರೆ ಅದು ಅವಿವೇಕ. ಕಾಡುವ ವೈರಸ್ಸುಗಳ ಮುಂದೆ ಈ ದೋಷಗಳು ವಿರಳವೇ. ಆದರೆ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬರುವ ಕಳ್ಳಪ್ರತಿ, ಅವಧಿ ತೀರಿದರೂ ಮೂಲೆಯಲ್ಲಿ ಕೆಂಪು ಗುರುತು ತೋರಿಸುತ್ತ ಕುಳಿತ ಹಳೆಯ ಪ್ರತಿ, ಒಂದೇ ಯಂತ್ರದಲ್ಲಿ ಪರಸ್ಪರ ಜಗಳಾಡುವ ಎರಡು ಆಂಟಿವೈರಸ್, ಇವು ಮೂರೂ ಹೋಗಬೇಕು. ೨೦೨೫ರ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ಮುಗಿದಿರುವದರಿಂದ, ಅಂಥ ಯಂತ್ರಗಳಿಗೆ ಉತ್ತಮ ಆಂಟಿವೈರಸ್ ಹಾಕಿದರೂ ಪಾಯ ಸಡಿಲಾದ ಮನೆಗೆ ಹೊಸ ಬಾಗಿಲಿಟ್ಟಂತೆಯೇ. ಹಂಗಾಮಿನ ಲೆಕ್ಕವಾಗಲಿ, ಸಂಘದ ಸಾಲದ ಖಾತೆಯಾಗಲಿ, ವಾರಕ್ಕೊಮ್ಮೆ ಅದರ ಪ್ರತಿಯನ್ನು ತೆಗೆದು, ಯಂತ್ರದಿಂದ ಕಳಚಿದ ಡಿಸ್ಕಿನಲ್ಲಿ ಬೀರುವಿನೊಳಗಿಟ್ಟು ಕೀಲಿ ಹಾಕಬೇಕು. ಯಾವ ಗುಮಾಸ್ತನು ಇದನ್ನು ಮಾಡತಕ್ಕವನೆಂಬುದನ್ನು ಕಚೇರಿಯ ಮುಖ್ಯಸ್ಥರು ಹೆಸರು ಹಚ್ಚಿ ಇದೇ ತಿಂಗಳು ಬರೆದಿಡಬೇಕು.